ಯಾರೂ ಎತ್ತದ ನಾಲ್ಕು ಕೈ

ಭಾನುವಾರ ಹನ್ನೊಂದೂವರೆಗೆ ಯಲಹಂಕದ ನಮ್ಮ ಅಪಾರ್ಟ್‌ಮೆಂಟಿನ ಅಧ್ಯಕ್ಷೆ ವಸುಧಾ ರಾಜೀನಾಮೆ ಕೊಟ್ಟರು. ಅವರನ್ನು ಬೀಳಿಸಿದ್ದು ವಿರೋಧಿಗಳಲ್ಲ. ಅವರದೇ ಕಮಿಟಿಯ ನಾವು ನಾಲ್ವರು.

ಮನೆಗೆಲಸದವರು ಲಿಫ್ಟ್ ಹತ್ತಬಾರದು ಎಂಬ ನಿಯಮ ನಮ್ಮಲ್ಲಿದೆ. (ಹೌದು, ಈಗಲೂ.) ನಮ್ಮ ಮನೆಗೆ ಬರುವ ಲಕ್ಷ್ಮಮ್ಮ ಮಂಡಿ ನೋವಿಟ್ಟುಕೊಂಡು ನಾಲ್ಕು ಮಹಡಿ ಹತ್ತುತ್ತಾರೆ. ಈ ನಿಯಮ ತೆಗೆಯೋಣ ಎಂದು ವಸುಧಾಗೆ ಹೇಳಿದವಳೇ ನಾನು. ಶನಿವಾರ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಾ ಎಲ್ಲರೂ ಒಪ್ಪಿದೆವು.

"ನೀವೆಲ್ಲ ಜೊತೆಗಿದ್ರೆ ನಾಳೆ ಮಂಡಿಸ್ತೀನಿ. ಇಲ್ಲಾಂದ್ರೆ ಈಗ್ಲೇ ಹೇಳ್ಬಿಡಿ" ಎಂದರು ವಸುಧಾ.

"ನಾವಿದೀವಿ ಕಣ್ರೀ" ಎಂದೆ.

ಮರುದಿನ ಸಭೆಯಲ್ಲಿ ಮೊದಲ ಮಹಡಿಯ ಮೂರ್ತಿ ಎದ್ದು ನಿಂತರು. "ಇವತ್ತು ಲಿಫ್ಟು, ನಾಳೆ ಸ್ವಿಮ್ಮಿಂಗ್ ಪೂಲು. ಮೇಡಂ ಹಿಂದೆ ಯಾರ್ಯಾರಿದಾರೆ ನೋಡೇಬಿಡೋಣ. ಒಪ್ಪೋರು ಕೈ ಎತ್ತಿ."

ವಸುಧಾ ಕೈ ಎತ್ತಿದರು. ನಾನು ಪಕ್ಕದಲ್ಲಿ ಕೂತಿದ್ದ ಕಮಿಟಿಯ ಸುರೇಶರನ್ನು ನೋಡಿದೆ. ಅವರು ನಂದಿನಿಯನ್ನು ನೋಡುತ್ತಿದ್ದರು. ನಂದಿನಿ ಮೊಬೈಲ್ ನೋಡುತ್ತಿದ್ದಳು. ನಾಲ್ಕನೆಯವರು ಕೆಮ್ಮಿದರು. ನಮ್ಮಲ್ಲಿ ಇಬ್ಬರು ಎತ್ತಲಿ, ಮೂರನೆಯ ಕೈ ನನ್ನದು ಎಂದುಕೊಂಡೆ. ನಾಲ್ವರೂ ಹಾಗೇ ಅಂದುಕೊಂಡಿರಬೇಕು.

ಎಂಟು ಹತ್ತು ಸೆಕೆಂಡ್ ಆಗಿರಬಹುದು. "ಸರಿ ಬಿಡಿ" ಎಂದು ವಸುಧಾ ಕೈ ಇಳಿಸಿದರು. ಅಲ್ಲೇ ಒಂದು ಹಾಳೆ ಕೇಳಿ ರಾಜೀನಾಮೆ ಬರೆದರು. ನಮ್ಮ ಕಡೆ ನೋಡಲಿಲ್ಲ.

ಪ್ರಧಾನಿಗೆ ಧೈರ್ಯವಿದೆಯೇ, ಆ ಮಂತ್ರಿಯನ್ನು ಯಾಕೆ ಕಿತ್ತುಹಾಕಲಿಲ್ಲ, ಈ ಕಾನೂನು ಯಾಕೆ ತರಲಿಲ್ಲ ಎಂದು ಈ ಅಂಕಣದಲ್ಲೇ ಎಷ್ಟೋ ಸಲ ಕೇಳಿದ್ದೇನೆ. ಪ್ರಧಾನಿಯ ಬಲ ಇರುವುದು ಕುರ್ಚಿಯಲ್ಲೇ? ಇಲ್ಲ. ಹಿಂದಿನ ಸಾಲುಗಳಲ್ಲಿ ಕೂತ ಸ್ವಂತ ಪಕ್ಷದವರು ಎಷ್ಟು ದೂರ ಬರುತ್ತಾರೋ ಅಷ್ಟೇ ದೂರ ಪ್ರಧಾನಿ ನಡೆಯಬಲ್ಲರು. ಎದುರಿನವರು ಎಷ್ಟು ಕೂಗಿದರೂ ಸರ್ಕಾರ ಅಲ್ಲಾಡುವುದಿಲ್ಲ. ತನ್ನವರು ಒಂದು ಗಳಿಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಸಾಕು.

ಇಷ್ಟನ್ನು ಓದಿ ತಿಳಿದಿದ್ದೆ. ಹಾಗೆ ಕೈಕೊಡುವವರು ಸಂಚುಗಾರರು, ಆಸೆಬುರುಕರು ಎಂದು ನಂಬಿದ್ದೆ. ಅವರು ನನ್ನಂಥವರೂ ಇರುತ್ತಾರೆ ಎಂದು ಗೊತ್ತಿರಲಿಲ್ಲ.

ಸಂಜೆ ವಸುಧಾಗೆ ಮೆಸೇಜ್ ಬರೆದು ಅಳಿಸಿದೆ. ಎರಡು ಸಲ.

ಸೋಮವಾರ ಬೆಳಿಗ್ಗೆ ಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದು, ಅಡುಗೆಮನೆ ಬಾಗಿಲಲ್ಲಿ ಕೂತು ಸುಧಾರಿಸಿಕೊಂಡರು. ಆಮೇಲೆ ಕೇಳಿದರು: "ವಸುಧಮ್ಮೋರು ಒಬ್ರೇ ಕೈ ಎತ್ತಿದ್ರಂತೆ. ನೀವು ಮೀಟಿಂಗ್‌ಗೆ ಓಗಿರ್ಲಿಲ್ವಾ ಅಕ್ಕ?"