ನೀಲಿ ಕೈಯ ಟೀಚರಮ್ಮ

ಟೀಚರಮ್ಮ ಮೊದಲ ದಿನ ನಮ್ಮ ಶಾಲೆಗೆ ಬಂದಾಗ ಅವರ ಬಲಗೈ ಮಣಿಕಟ್ಟಿನವರೆಗೂ ನೀಲಿಯಾಗಿತ್ತು. ಬಿಳಿ ಬಟ್ಟೆಗೆ ಹಾಕುತ್ತಾರಲ್ಲ, ಆ ನೀಲಿ. ಕೈ ತೊಳೆಯುವುದನ್ನು ಮರೆತು ಬಂದಿದ್ದಾರೆಂದು ನಾವು ಬಾಯಿಗೆ ಲಂಗ ಅಡ್ಡ ಹಿಡಿದು ನಕ್ಕೆವು. ಅವರು ಮುಂದಿನ ಸಾಲಿನಲ್ಲಿದ್ದ ನನ್ನನ್ನು ಕರೆದು, ದೊಡ್ಡವರಿಗೆ ಮಾಡುವ ಹಾಗೆ ಕೈ ಕುಲುಕಿ, ಏನೂ ಆಗದವರಂತೆ ಹಾಜರಿ ಕರೆಯತೊಡಗಿದರು.

ಮಧ್ಯಾಹ್ನದ ಹೊತ್ತಿಗೆ ನೀಲಿ ಎಲ್ಲೆಲ್ಲಿತ್ತು ಅಂತೀರಿ. ನನ್ನ ಗೆಳತಿಯ ಮೂಗಿನ ಮೇಲೆ, ಸ್ಲೇಟುಗಳ ಮೇಲೆ, ನೀರಿನ ಗಡಿಗೆಯ ಲೋಟದ ಅಂಚಿನಲ್ಲಿ, ಕೊನೆಗೆ ಹೆಡ್‌ಮಾಸ್ತರರ ಕೋಣೆಯ ಚಿಲಕದ ಮೇಲೂ.

"ನಾನು ಮುಟ್ಟಿದ್ದು ಇವಳೊಬ್ಬಳನ್ನ. ಮಿಕ್ಕಿದ್ದನ್ನ ನೀವೇ ಹಂಚಿಕೊಂಡ್ರಿ. ರೋಗದ ಕ್ರಿಮೀನೂ ಹೀಗೇ ಓಡಾಡತ್ತೆ. ನೀಲಿ ಕಾಣ್ಸತ್ತೆ, ಅದು ಕಾಣ್ಸಲ್ಲ, ಅಷ್ಟೇ," ಎಂದರು ಟೀಚರಮ್ಮ.

ಅರವತ್ತರ ದಶಕದ ಮೊದಲ ವರ್ಷಗಳು. ಸಾರಕ್ಕಿ ಆಗಿನ್ನೂ ಹಳ್ಳಿ. ಟೀಚರಮ್ಮ ಜಯನಗರದಲ್ಲಿ ಬಸ್ಸಿಳಿದು ರಾಗಿ ಹೊಲಗಳ ಬದುವಿನ ಮೇಲೆ ನಡೆದು ಬರುತ್ತಿದ್ದರು. ಚೀಲದಲ್ಲಿ ಪುಸ್ತಕಕ್ಕಿಂತ ಬೇರೆ ಸಾಮಾನೇ ಹೆಚ್ಚು. ಒಮ್ಮೆ ಮೂರು ತುಂಡು ಬ್ರೆಡ್ಡು ತಂದಿದ್ದರು. ಜ್ವರ ಬಂದಾಗ ಮಾತ್ರ ನಮಗೆ ಸಿಗುತ್ತಿದ್ದ ತಿಂಡಿ ಅದು. ಒಂದನ್ನು ಗೋಲಿ ಆಡಿದ ಕೈಗಳಿಂದ ಮುಟ್ಟಿಸಿದರು, ಒಂದನ್ನು ಸೋಪು ಹಾಕಿ ತೊಳೆದ ಕೈಗಳಿಂದ, ಮೂರನೆಯದನ್ನು ಯಾರಿಗೂ ಮುಟ್ಟಲು ಬಿಡಲಿಲ್ಲ. ಬಾಟಲಿಗಳಲ್ಲಿ ಮುಚ್ಚಿಟ್ಟು ದಿನಾ ನೋಡಿ ಬರೆಯಬೇಕೆಂದರು. ವಾರದೊಳಗೆ ಮೊದಲನೆಯದಕ್ಕೆ ಹಸಿರು ಬೂಷ್ಟು ಬಂತು, ಮಿಕ್ಕೆರಡು ಬೆಳ್ಳಗೇ ಇದ್ದವು. ಅವತ್ತಿನಿಂದ ಬುತ್ತಿ ಬಿಚ್ಚುವ ಮೊದಲು ಬಾವಿಕಟ್ಟೆಯ ಹತ್ತಿರ ಸಾಲು ನಿಲ್ಲತೊಡಗಿತು. "ಹೇಳಿದ್ದನ್ನ ನಂಬಬೇಡಿ, ನೋಡಿ ನಂಬಿ," ಎನ್ನುವುದು ಅವರ ಮಾತು.

ಆ ವರ್ಷವೇ ಶಾಲೆಗೆ ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕುವವರು ಬಂದರು. ಸುದ್ದಿ ಹಬ್ಬಿ ಅರ್ಧ ಮಕ್ಕಳು ಹೊಲದ ಕಡೆ ಓಡಿಹೋಗಿದ್ದರು. ನಮ್ಮ ಮನೆಯಲ್ಲಿ ಯಾರಿಗೂ ದಾಕು ಹಾಕಿಸಿರಲಿಲ್ಲ. ಸಿಡುಬೆಂದರೆ ಅಮ್ಮ ಮೈಮೇಲೆ ಬರುವುದು, ಅದನ್ನು ತಡೆಯುವುದು ಅಪಚಾರ ಎಂದು ಅಜ್ಜಿ ನಂಬಿದ್ದರು. ನಾನು ಮಾತ್ರ ಟೀಚರಮ್ಮನ ಮುಖ ನೋಡಿಕೊಂಡು ತೋಳು ಚಾಚಿದೆ.

ಐದಾರು ದಿನಕ್ಕೆ ತೋಳು ಊದಿ ಗುಳ್ಳೆ ಎದ್ದಿತು, ಮೈ ಕೆಂಡದಂತೆ ಸುಡತೊಡಗಿತು. ಅಜ್ಜಿ ಬೇವಿನ ಸೊಪ್ಪು ಹಾಸಿ ಮಲಗಿಸಿ, ನಾನು ಉಳಿಯುವುದಿಲ್ಲವೆಂದು ಅತ್ತರು. ಸಂಜೆ ಟೀಚರಮ್ಮ ಬಂದಾಗ ಬಾಗಿಲಿಗೆ ಅಡ್ಡ ನಿಂತರು.

"ಹೆತ್ತವರನ್ನ ಒಂದು ಮಾತು ಕೇಳ್ದೆ ಮಗೀನ ಮೈ ಮುಟ್ಟೋಕೆ ನೀವ್ಯಾರು ತಾಯಿ?"

ಟೀಚರಮ್ಮ ವಾದ ಮಾಡುತ್ತಾರೆಂದುಕೊಂಡಿದ್ದೆ. ಅವರು ಚಪ್ಪಲಿ ಬಿಟ್ಟು, ಹೊರಗಿನ ಜಗಲಿಯ ಮೇಲೇ ಕುಳಿತರು.

"ನನ್ನದು ತಪ್ಪಾಯ್ತಮ್ಮ. ಮೊದಲು ನಿಮ್ಮ ಹತ್ರ ಬಂದು ಕೇಳಬೇಕಿತ್ತು. ದಾಕು ಹಾಕಿಸಿದ್ದು ತಪ್ಪಲ್ಲ, ಕೇಳ್ದೇ ಇದ್ದಿದ್ದು ತಪ್ಪು."

ಅಜ್ಜಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. ಟೀಚರಮ್ಮ ಒಳಗೆ ಬಂದು ನನ್ನ ತೋಳು ನೋಡಿ, ನಿಧಾನವಾಗಿ ಕೇಳಿದರು: "ನಿಮ್ಮೂರ ಗರಡೀಲಿ ಹುಡುಗರು ದಿನಾ ಮಣ್ಣಲ್ಲಿ ಬಿದ್ದು ಏಳ್ತಾರಲ್ಲ, ಯಾಕಮ್ಮ?"

"ಪಟ್ಟು ಕಲಿಯಾಕೆ."

"ಇವಳ ಮೈಯಲ್ಲೂ ಅದೇ ನಡೀತಿದೆ. ಕೈಲಾಗದ ಒಬ್ಬ ಪೈಲ್ವಾನನ್ನ ಒಳಗೆ ಬಿಟ್ಟಿದ್ದೀವಿ. ಅವನ ಜೊತೆ ಗುದ್ದಾಡಿ ಮೈ ಪಟ್ಟು ಕಲೀತಿದೆ, ಅದರ ಕಾವು ಇದು. ನಿಜವಾದವನು ಬಂದರೆ ಆಗ ಗೊತ್ತಿರತ್ತೆ. ಅಮ್ಮನ ಪೂಜೆ ನೀವು ಬಿಡಬೇಡಿ. ನಾಳೆ ಮತ್ತೆ ಬರ್ತೀನಿ."

ಮಾರನೆಯ ದಿನ ಬಂದರು, ಅದರ ಮಾರನೆಯ ದಿನವೂ. ಜ್ವರ ಇಳಿಯಿತು. ಗುಳ್ಳೆ ಒಣಗಿ ಹಕ್ಕಳೆ ಉದುರುವವರೆಗೂ ಟೀಚರಮ್ಮ ಬರುವುದನ್ನು ತಪ್ಪಿಸಲಿಲ್ಲ. ಕೊನೆಯ ದಿನ ಅಜ್ಜಿ ಅವರಿಗೆ ಮಜ್ಜಿಗೆ ಕೊಟ್ಟು, ತೊಟ್ಟಿಲಲ್ಲಿದ್ದ ನನ್ನ ತಮ್ಮನನ್ನು ಎತ್ತಿ ಅವರ ಮಡಿಲಿಗೆ ಹಾಕಿದರು. "ಇವನಿಗೂ ಪಟ್ಟು ಕಲಿಸ್ಬುಡಿ. ಈ ಸಲ ನಾನೂ ಜೊತೇಲಿ ಬತ್ತೀನಿ," ಎಂದರು.

ಮುಂದಿನ ಬೇಸಿಗೆಯಲ್ಲಿ ನಮ್ಮ ಬೀದಿಗೇ ಸಿಡುಬು ಬಂತು. ಎದುರು ಮನೆಯ ಇಬ್ಬರು ಮಕ್ಕಳಲ್ಲಿ ಒಬ್ಬ ಉಳಿಯಲಿಲ್ಲ. ನಮ್ಮ ಮನೆಯ ಹೊಸ್ತಿಲನ್ನು ಅದು ದಾಟಲಿಲ್ಲ. ಆಮೇಲೆ ಅಜ್ಜಿಯೇ ಮನೆಮನೆಗೆ ಹೋಗಿ, ಯಾರು ಕೇಳಲಿ ಬಿಡಲಿ, ಗರಡಿಯ ಕತೆ ಹೇಳುತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿದಾಗ ಅಪ್ಪ ಗಂಡು ನೋಡಲು ಹೊರಟರೆ ತಡೆದವರೂ ಅವರೇ. "ಓದ್ಲಿ ಬಿಡು. ಟೀಚರಮ್ಮನ ಥರಾ ಇವಳೂ ನಾಕು ಮನೆಗೆ ಹೋಗಿ ಮಾತಾಡೋ ಹಂಗಾಗ್ಲಿ."

ನಾನು ನರ್ಸಾದೆ. ತಲಘಟ್ಟಪುರದ ಕಡೆಯ ಹಳ್ಳಿಗಳಿಗೆ ಲಸಿಕೆ ಹಾಕಲು ಹೋಗುತ್ತಿದ್ದ ಕಾಲದಲ್ಲಿ ಒಮ್ಮೆ ನಾನಿದ್ದಲ್ಲಿಗೇ ಅಂಚೆಯವನು ಒಂದು ಕಾರ್ಡು ತಂದುಕೊಟ್ಟ. ಟೀಚರಮ್ಮ ತೀರಿಕೊಂಡು ಆಗಲೇ ನಾಲ್ಕು ದಿನವಾಗಿತ್ತು. ಮರದ ಕೆಳಗೆ ತಾಯಂದಿರು ಸಾಲಾಗಿ ಕೂತಿದ್ದರು. ಕಾರ್ಡನ್ನು ಎರಡು ಸಲ ಓದಿ ಚೀಲದಲ್ಲಿಟ್ಟುಕೊಂಡೆ. ಸಾಲಿನ ತುದಿಯಲ್ಲಿ ಒಬ್ಬಳು ಮಗುವನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು, ಎದ್ದು ಹೋಗಲೋ ಬೇಡವೋ ಎಂದು ನೋಡುತ್ತಿದ್ದಳು. ಸೂಜಿ ಅಲ್ಲೇ ಬಿಟ್ಟು ಹೋಗಿ, ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತು, ಮಗುವಿನ ಹೆಸರೇನೆಂದು ಕೇಳಿದೆ.