ಮೇಷ್ಟ್ರು ಕೇಳಿದ ಅಂಡರ್‌ಪಾಸ್

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯ ರಸ್ತೆ ನಕ್ಷೆಯೊಂದು ಸಿಕ್ಕಿತು. ಬಿಚ್ಚಿದರೆ ಇಷ್ಟು ವರ್ಷದ ಮೇಲೂ ನಕ್ಷೆ ಅಚ್ಚು ಹಾಕಲು ಬಳಸುತ್ತಿದ್ದ ಅಮೋನಿಯಾದ ಸಣ್ಣ ಘಾಟು... ಅದರ ಹಿಂದೆಯೇ ಮೇಷ್ಟ್ರು ನೆನಪಾದರು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಚನ್ನರಾಯಪಟ್ಟಣದಿಂದ ಹಾಸನದವರೆಗಿನ ಹೆದ್ದಾರಿಯನ್ನು ನಾಲ್ಕು ಪಥ ಮಾಡಲು ಹಾಸನದಲ್ಲೊಂದು ಕಚೇರಿ ತೆರೆದಿದ್ದರು. ನಕ್ಷೆ, ಅರ್ಜಿಗಳನ್ನು ನೋಡಿಕೊಳ್ಳುವ ಗುಮಾಸ್ತ ನಾನು. ಮೇಷ್ಟ್ರು ಆ ದಾರಿಯ ಮೇಲಿನ ಸಣ್ಣ ಹಳ್ಳಿಯೊಂದರ ಶಾಲೆಗೆ ಹೆಡ್‌ಮೇಷ್ಟ್ರು. ಊರು ರಸ್ತೆಯ ಈಚೆ, ಶಾಲೆ ಆಚೆ. ಮಕ್ಕಳು ದಾಟಲು ರಸ್ತೆಯಡಿ ಅಂಡರ್‌ಪಾಸ್ ಬೇಕೆಂದು ಅರ್ಜಿ ಹಿಡಿದು ಬಂದರು.

ರಸ್ತೆ ಹೇಗೆ ಹುಟ್ಟುತ್ತದೆಂದು ನಾನೇ ವಿವರಿಸಿದೆ. ಮೊದಲು ವಾಹನ ಎಣಿಸುತ್ತಾರೆ, ಆಮೇಲೆ ನಕ್ಷೆ, ಆಮೇಲೆ ದೆಹಲಿಯ ಒಪ್ಪಿಗೆ. ಕಂಪನಿ ಬಂಡವಾಳ ಹಾಕಿ ಕಟ್ಟುತ್ತದೆ, ವರ್ಷಗಟ್ಟಲೆ ಟೋಲ್ ಎತ್ತಿ ವಾಪಸು ಪಡೆಯುತ್ತದೆ. ಕರಾರಿನಲ್ಲಿ ಇಲ್ಲದ್ದನ್ನು ಯಾರೂ ಕಟ್ಟುವುದಿಲ್ಲ.

"ಗಾಡಿ ಎಣಿಸ್ದೋರು ಮಕ್ಳನ್ನ ಎಣಿಸ್ನಿಲ್ವಾ ಸಾ?" ಎಂದರು.

ಮುಂದಿನ ಸೋಮವಾರ ರಸ್ತೆ ದಾಟುವ ಮಕ್ಕಳ ಹೆಸರನ್ನೆಲ್ಲ ದುಂಡಗೆ ಬರೆದು ತಂದರು. ಅಷ್ಟರಲ್ಲಿ ಕರಾರಿಗೆ ಸಹಿ ಬಿದ್ದಾಗಿತ್ತು. ಅದು ನನಗೆ ಗೊತ್ತಿತ್ತು. ಅವರ ಮುಖ ನೋಡಿ ಹೇಳಲಾಗಲಿಲ್ಲ.

"ಮೇಲಕ್ಕೆ ಕಳಿಸ್ತೀನಿ ಮೇಷ್ಟ್ರೇ, ಆಗುತ್ತೆ" ಎಂದೆ.

ಆಮೇಲೆ ಬಂದಾಗಲೆಲ್ಲ ಅದೇ ಮಾತು. ನಂಬಿಕೊಂಡು ಹೋಗುತ್ತಿದ್ದರು...

ಅಂಡರ್‌ಪಾಸ್ ಇಲ್ಲದೆಯೇ ರಸ್ತೆ ತೆರೆಯಿತು. ಆಗಲೂ ಆಮೇಲೆ ಕಟ್ಟುತ್ತಾರೆ ಎಂದೇ ನಾನು ಹೇಳುತ್ತಿದ್ದೆ. ಬೆಳಿಗ್ಗೆ ಸಂಜೆ ಮೇಷ್ಟ್ರೇ ಕೆಂಪು ಟವೆಲ್ ಬೀಸಿ ಲಾರಿಗಳನ್ನು ತಡೆದು ಮಕ್ಕಳನ್ನು ದಾಟಿಸುತ್ತಿದ್ದರಂತೆ. ಅವರು ಜ್ವರ ಬಂದು ಮಲಗಿದ ಒಂದು ದಿನ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು ತಾನೇ ದಾಟಲು ಹೋದಳು. ಉಳಿಯಲಿಲ್ಲ.

ವಾರ ಕಳೆದು ಕಚೇರಿಗೆ ಬಂದರು. ಗಡ್ಡ ಬೆಳೆದಿತ್ತು. "ಇನ್ನಾದ್ರೂ ಮಾಡ್ಸಿ ಸಾ, ಕಾಲಿಗ್ ಬೀಳ್ತೀನಿ" ಎಂದು ನಿಜಕ್ಕೂ ಬಗ್ಗಿದರು. ತಡೆದು ಕೂರಿಸಿ, ಮೊದಲಿನಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿಬಿಟ್ಟೆ.

ಬೈಯಲಿಲ್ಲ.

"ಆವತ್ತೇ ಆಗಾಕಿಲ್ಲ ಅಂದಿದ್ರೆ ಊರೊಳ್ಗೆ ಯಾರ್ದಾರ ಜಗ್ಲಿ ಮ್ಯಾಲೆ ಪಾಠ ಮಾಡ್ತಿದ್ನಲ್ಲಾ ಸಾ... ಆ ಮಗೀನ ಯಾಕೆ ರೋಡಿಗೆ ಬಿಡ್ತಿದ್ದೆ?"

ಮತ್ತೆ ಅವರು ಬರಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಮನೆ ಸೇರಿದರೆಂದು ಯಾರೋ ಹೇಳಿದರು.

ನಿನ್ನೆ ತಡೆಯಲಾಗದೆ ಅವರ ಊರಿಗೆ ಹೋದೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಬಾಗಿಲಿಗೆ ಬಂದ ಅವರ ಹೆಂಡತಿ, "ಯಾರಪ್ಪಾ ನೀನು? ಅವ್ರಿಗೇನಾಗ್ಬೇಕು?" ಎಂದು ಕೇಳಿದರು.

ಆಗುತ್ತೆ ಎಂದು ನಂಬಿಸಿದ ಗುಮಾಸ್ತ ನಾನೇ ಎಂದು ಹೇಳಬೇಕೆಂದೇ ಬಾಗಿಲಿಗೆ ಹೋಗಿದ್ದೆ.

"ಬೇಕಾದೋನು ಕಣಮ್ಮ" ಎಂದೆ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟರು.