ಬಾಗಿಲು ಬಡಿಯುತ್ತಿದ್ದವಳು

ಆ ಕಾದಂಬರಿಯನ್ನು ನಾನು ಮೊದಲು ಓದಿದ್ದು ಹರಪನಹಳ್ಳಿಯಲ್ಲಿ, ತವರಿನಲ್ಲಿ, ಪಿಯುಸಿ ಓದುವಾಗ. ದೆವ್ವದ ಕಥೆಯೆಂದು ಗೆಳತಿಯರು ಕೈಯಿಂದ ಕೈಗೆ ದಾಟಿಸಿದ ಪುಸ್ತಕ. ಮುಗಿಸಿದಾಗ ಗೊತ್ತಾಯಿತು, ಅದರಲ್ಲಿ ದೆವ್ವವೇ ಇರಲಿಲ್ಲ. ಒಂದು ದೊಡ್ಡ ಮನೆ, ಅದರ ಹಿಂದಿನ ಕೋಣೆಯಲ್ಲಿ ಒಬ್ಬ ಹುಡುಗಿ. ಸಂಜೆಯಾದರೆ ಒಳಗಿನಿಂದ ಬಾಗಿಲು ಬಡಿಯುವ ಸದ್ದು. ಮನೆಮಂದಿಯೆಲ್ಲ ನಡುಗುತ್ತಾರೆ. ಆದರೆ ಕಥೆ ಹೇಳುವವಳು ಆ ಹುಡುಗಿಯೇ. ಅವಳು ಬಡಿಯುವುದು ನೀರಿಗಾಗಿ. ಹೊರಗಿನವರು ಮಂತ್ರ ಹಾಕಿಸುತ್ತಾರೆ, ನಿಂಬೆಹಣ್ಣು ಕೊಯ್ಯುತ್ತಾರೆ, ನೀರು ಮಾತ್ರ ಕೊಡುವುದಿಲ್ಲ. ಕೊನೆಯ ಪುಟವನ್ನು ಮಾತ್ರ ಅವಳು ಹೇಳುವುದಿಲ್ಲ: ಒಂದು ದಿನ ಸದ್ದು ನಿಲ್ಲುತ್ತದೆ. ಪೀಡೆ ತೊಲಗಿತೆಂದು ಮನೆಯವರು ಓಣಿಗೆಲ್ಲ ಸಿಹಿ ಹಂಚುತ್ತಾರೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ. ವಾರಗಟ್ಟಲೆ ನನಗೆ ಸಿಹಿ ತಿನ್ನಲಾಗಲಿಲ್ಲ.

ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದು ಆರು ವರ್ಷವಾದ ಮೇಲೆ, ಲೈಬ್ರರಿಯಲ್ಲಿ ಅದೇ ಪುಸ್ತಕ ಮತ್ತೆ ಸಿಕ್ಕಿತು. ಆಗ ಮನೆಯಲ್ಲಿ ನಾವು ನಾಲ್ವರು: ಬಸ್ ಕಂಡಕ್ಟರಾದ ನನ್ನ ಗಂಡ, ಅತ್ತೆ, ನಾನು, ಮತ್ತೆ ಕೂಡ್ಲಿಗಿಯ ಗಂಡನ ಮನೆಯಿಂದ ವಾಪಸು ಬಂದಿದ್ದ ನಾದಿನಿ. ಏಳು ತಿಂಗಳಿಗೆ ಅವಳ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಆಮೇಲೆ ಅವಳು ಮಾತು ಬಿಟ್ಟಳು. ಸ್ವಲ್ಪ ದಿನ ನೋಡಿ ಗಂಡನ ಮನೆಯವರು ತಂದು ಬಿಟ್ಟುಹೋದರು. ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು ಈಗ ಹಿಂದಿನ ಕೋಣೆಯಲ್ಲಿ, ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದ ಕಿಟಕಿಯ ಹತ್ತಿರ, ದಿನವೆಲ್ಲ ಕೂತಿರುತ್ತಿದ್ದಳು.

ಮಧ್ಯಾಹ್ನ ಅತ್ತೆ ಮಲಗಿದಾಗ ನಾನು ಅವಳ ಪಕ್ಕ ಕೂತು ಪುಸ್ತಕ ಓದುತ್ತಿದ್ದೆ. ಸುಮ್ಮನೆ ಇರಲಾಗದೆ ಒಂದು ದಿನ ಜೋರಾಗಿ ಓದತೊಡಗಿದೆ. ನಾಲ್ಕನೆಯ ದಿನ, ಹುಡುಗಿ ಬಾಗಿಲು ಬಡಿಯುವ ಅಧ್ಯಾಯದಲ್ಲಿ, ಅವಳು ಬಾಯಿ ಬಿಟ್ಟಳು.

"ನೀರು ಕೇಳಾಕತ್ತಾಳಲ್ಲ ವೈನಿ, ಯಾಕ ಯಾರಿಗೂ ತಿಳಿವಲ್ದು?"

ಎಷ್ಟೋ ವಾರಗಳ ನಂತರ ಅವಳಾಡಿದ ಮೊದಲ ಪೂರ್ತಿ ವಾಕ್ಯ ಅದು. ಆಮೇಲೆ ದಿನಕ್ಕೊಂದು ಅಧ್ಯಾಯವಾಯಿತು. ಅವಳು ಶೇಂಗಾ ಸುಲಿಯುತ್ತ ಕೇಳುವಳು, ನಡುನಡುವೆ ಸಿಟ್ಟಾಗುವಳು. ಕೊನೆಯ ಪುಟ ಓದಿದ ದಿನ ಅತ್ತಳು. ನಾನೂ ಅತ್ತುಬಿಟ್ಟೆ. ಅತ್ತು ಹಗುರಾದೆವೆಂದೇ ನಾನು ತಿಳಿದೆ.

ಆ ಕಾದಂಬರಿ ಸಿನಿಮಾ ಆಗಿದೆಯೆಂದೂ ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಬರುತ್ತದೆಂದೂ ಗೊತ್ತಾದಾಗ ಎಲ್ಲರನ್ನೂ ಕರೆದವಳು ನಾನೇ. ಅತ್ತೆ ಓದಿದವರಲ್ಲ. ಸಿನಿಮಾ ನೋಡಿದರೆ ಮಗಳ ಸಂಕಟ ಅವರಿಗೆ ತಿಳಿದೀತು ಅನ್ನುವ ಆಸೆ ನನಗೆ. ಎದುರುಮನೆಯಾಕೆಯೂ ಬಂದು ಕೂತರು.

ಮನೆ ಅದೇ, ಕೋಣೆ ಅದೇ, ಬಾಗಿಲ ಸದ್ದೂ ಅದೇ. ಆದರೆ ಕ್ಯಾಮೆರಾ ಕೋಣೆಯೊಳಗೆ ಹೋದದ್ದೇ ಅಪರೂಪ. ಹೋದಾಗಲೂ ಹುಡುಗಿಯ ಕಣ್ಣಿಂದ ನೋಡಲಿಲ್ಲ. ಅದು ಮನೆಯವರ ಜೊತೆ ಹೊರಗೆ ನಿಂತು ನಡುಗಿತು. ಪುಸ್ತಕದಲ್ಲಿ ನೀರು ಕೇಳಿದ್ದ ಸದ್ದು ಇಲ್ಲಿ ಎದೆ ಒಡೆಯುವ ಸಂಗೀತದ ಜೊತೆ ಬಂತು. ಪುಸ್ತಕದಲ್ಲಿಲ್ಲದ ಒಬ್ಬ ಸತ್ತ ಮದುಮಗಳು ಬಂದಳು, ಅವಳ ಸೇಡಿನ ಕಥೆ ಬಂತು, ಕೂದಲು ಕೆದರಿಕೊಂಡು ಹುಡುಗಿ ಗೋಡೆ ಹತ್ತಿದಳು. ಪುಸ್ತಕದಲ್ಲಿ ಮೋಸಗಾರನಾಗಿದ್ದ ಮಂತ್ರವಾದಿ ಇಲ್ಲಿ ದೇವರಂಥ ಮನುಷ್ಯ. ಕೊನೆಯಲ್ಲಿ ಅವನು ದೆವ್ವ ಬಿಡಿಸಿದ, ಹುಡುಗಿ ತಲೆತುಂಬ ಮಲ್ಲಿಗೆ ಮುಡಿದು ನಕ್ಕಳು. ಮನೆಯವರು ಮಾಡಿದ್ದೆಲ್ಲ ಸರಿಯಾಗಿತ್ತು ಅಂತ ಸಿನಿಮಾ ತೀರ್ಪು ಕೊಟ್ಟಿತು.

ನಾದಿನಿ ಅರ್ಧಕ್ಕೇ ಎದ್ದು ಕೋಣೆಗೆ ಹೋದಳು. ಎದುರುಮನೆಯಾಕೆ ಅವಳನ್ನೇ ನೋಡುತ್ತ, "ಅಕ್ಕಾ, ನೋಡ್ರಿ, ಮಂತ್ರ ಹಾಕೂ ಹೊತ್ತಿಗೇ ಎದ್ದು ಹೋದ್ಲು. ಎಲ್ಲಾ ಸಿನಿಮಾದಾಗಿನ ಹಂಗ ಐತಿ" ಅಂದರು.

"ಕಾದಂಬರ್ಯಾಗ ಹಿಂಗಿಲ್ರಿ ಅತ್ತಿ," ಅಂದೆ ನಾನು. "ಅದ್ರಾಗ ದೆವ್ವ ಇಲ್ಲ. ಸಿನಿಮಾದೋರು ಸೇರ್ಸ್ಯಾರ."

"ದುಡ್ಡು ಹಾಕಿ ಸಿನಿಮಾ ತಗ್ಯೋರಿಗೆ ತಿಳಿಯಂಗಿಲ್ಲೇನು?" ಅಂದರು ಅತ್ತೆ.

ನನ್ನ ಕೈಯಲ್ಲಿದ್ದುದು ಲೈಬ್ರರಿಯ ಹರಿದ ಪುಸ್ತಕ. ಅವರು ಕಣ್ಣಾರೆ ಕಂಡದ್ದು ಸಿನಿಮಾ.

ಮುಂದಿನ ವಾರ ಅತ್ತೆ ಕೊಟ್ಟೂರಿನ ಆಚೆಯ ಒಂದು ಹಳ್ಳಿಗೆ ಮಗಳನ್ನು ಕರೆದೊಯ್ದರು. ಅಲ್ಲೊಬ್ಬ ಗಾಳಿ ಬಿಡಿಸುವವನು ಇಪ್ಪತ್ತೊಂದು ದಿನ ಕೋಣೆಯ ಹೊಸ್ತಿಲು ದಾಟಿಸಬೇಡಿ ಎಂದನಂತೆ. ಅತ್ತೆ ಕೆಟ್ಟವರಲ್ಲ. ಮಗಳಿಗೆ ಇಷ್ಟವೆಂದು ದಿನಾ ಶೇಂಗಾ ಚಟ್ನಿ ಮಾಡುತ್ತಿದ್ದರು, ತಟ್ಟೆ ಒಳಗಿಟ್ಟು ಚಿಲಕ ಹಾಕಿ, ಅವಳು ಒಳಗಿನಿಂದ ಬಡಿದರೆ ಬಾಗಿಲಿಗೆ ಬೆನ್ನು ಕೊಟ್ಟು ಕೂತು ಅಳುತ್ತಿದ್ದರು. ಗಂಡನಿಗೆ ಹೇಳಿದರೆ, "ಇಪ್ಪತ್ತೊಂದ್ ದಿನ ತಾನ? ಅವ್ವನ ಸಮಾಧಾನಕ್ಕ ಇರ್ಲಿ ಬಿಡು" ಅಂದರು.

ಒಂದು ಮಧ್ಯಾಹ್ನ ಅತ್ತೆ ರೊಟ್ಟಿಯ ಹಿಟ್ಟು ನಾದುತ್ತಿದ್ದರು. "ನನ್ ಕೈ ಹಿಟ್ಟಾಗ್ಯಾವ, ಚಿಲಕ ಹಾಕಿ ಬಾ" ಅಂದರು. ನಾನು ಹೋಗಿ ಹಾಕಿ ಬಂದೆ. ಹಾಕುವಾಗ ನನಗೇನೂ ಅನ್ನಿಸಲಿಲ್ಲ. ಇದನ್ನು ಬರೆಯುವುದೇ ಕಷ್ಟವಾಗುತ್ತಿದೆ. ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಒಳಗಿನಿಂದ ಸದ್ದು ಬಂತು: ಮೂರು ಸಲ, ಮೆಲ್ಲಗೆ. ನಾನು ತಟ್ಟೆ ತೊಳೆಯುತ್ತ ನಿಂತಿದ್ದೆ. ನನ್ನ ಮೈ ಜುಮ್ಮೆಂದಿತು. ಹೆದರಿಕೆಯಿಂದ! ಅಷ್ಟು ದಿನ ಅವಳ ಪಕ್ಕ ಕೂತು ಓದಿದವಳು ನಾನು. ಆ ಸದ್ದಿಗೆ ನನ್ನ ಕಣ್ಣ ಮುಂದೆ ಬಂದದ್ದು ಪುಸ್ತಕದ ಹುಡುಗಿಯಲ್ಲ, ಗೋಡೆ ಹತ್ತಿದವಳು.

ನಾಚಿಕೆಯಾಯಿತು. ಒಂದು ತಂಬಿಗೆ ನೀರು ತುಂಬಿಕೊಂಡು ಚಿಲಕ ತೆಗೆದೆ. ಅವಳು ಬೆವರಿನಲ್ಲಿ ತೊಯ್ದು ಬಾಗಿಲ ಬುಡದಲ್ಲೇ ಕೂತಿದ್ದಳು. ನಾನೂ ಪಕ್ಕ ಕೂತೆ. ಅತ್ತೆ ಓಡಿಬಂದರು.

"ಹೊರಗ ಬಾ. ನಿನಗೂ ಮೆಟ್ಕೋತೈತಿ."

"ಬರಂಗಿಲ್ರಿ. ಬೇಕಾದ್ರ ನನ್ನೂ ಸೇರ್ಸಿ ಹಾಕ್ರಿ," ಅಂದೆ. ಹಾಕಲಾರರು ಎಂದುಕೊಂಡಿದ್ದೆ.

ಹಾಕಿದರು.

ಆ ಮೂರು ತಾಸುಗಳ ಬಗ್ಗೆ ಹೆಚ್ಚು ಹೇಳಲು ನನಗೆ ಬರುವುದಿಲ್ಲ. ತಗಡಿನ ಮಾಡು, ಮೇ ತಿಂಗಳು. ಕಿಟಕಿಯಾಚೆ ಕೈ ಚಾಚಿದರೆ ಪಕ್ಕದ ಮನೆಯ ಸುಣ್ಣದ ಗೋಡೆ. ಮೊದಲು ನಗು ಬಂತು, ಆಮೇಲೆ ಸಿಟ್ಟು. ಆಮೇಲೆ ಉಸಿರು ಸಾಲದಂತಾಗಿ ನಾನು ಎದ್ದು ಬಾಗಿಲನ್ನು ಎರಡೂ ಕೈಯಿಂದ ಗುದ್ದತೊಡಗಿದೆ. ಎಷ್ಟು ಗುದ್ದಿದರೂ ಹೊರಗಿನವರಿಗೆ ಅದು ನನ್ನ ಮಾತಾಗಿ ಕೇಳಲಿಲ್ಲ. ಎದುರುಮನೆಯಾಕೆ ಅಂಗಳದಲ್ಲಿ ನಿಂತು, "ಸೊಸಿಗೂ ಬಡೀತೇನ್ರಿ ಅಕ್ಕಾ?" ಅನ್ನುವುದು ಸ್ಪಷ್ಟವಾಗಿ ಕೇಳಿಸಿತು. ನಾದಿನಿ ನನ್ನ ಕೈ ಹಿಡಿದು ಕೆಳಗೆ ಕೂರಿಸಿದಳು. "ಬಡೀಬ್ಯಾಡ ವೈನಿ. ಬಡದಷ್ಟೂ ಅಂಜತಾರ," ಅಂದಳು. ಅವಳಿಗೆ ಅದು ಎಷ್ಟೋ ದಿನಗಳಿಂದ ಗೊತ್ತಿತ್ತು.

ಸಂಜೆ ಡ್ಯೂಟಿ ಮುಗಿಸಿ ಬಂದ ನನ್ನ ಗಂಡ ಬಾಗಿಲು ತೆಗೆದರು. ನಾವಿಬ್ಬರೂ ನೆಲದ ಮೇಲೆ ಕೂತಿದ್ದನ್ನು ನೋಡಿ ಹೊಸ್ತಿಲಲ್ಲೇ ನಿಂತರು. ನಾದಿನಿಯೇ ಹೇಳಿದಳು:

"ಅಣ್ಣಾ, ದಿನಾ ಬಾಗ್ಲಾ ಬಡ್ಯಾಕಿ ನಾನು. ಬ್ಯಾರೆ ಯಾರೂ ಅಲ್ಲ. ಕೂಸು ಹೋತಂತ ನನಗ ಅಳು ಬರ್ತೈತಿ, ಅಷ್ಟ."

ಅವರು ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಚಿಲಕವನ್ನೇ ಬಿಚ್ಚಿದರು. ತುಕ್ಕು ಹಿಡಿದ ಒಂದು ತಿರುಪು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅತ್ತೆ ನಡುಮನೆಯಲ್ಲಿ ನಿಂತು ಒಂದೇ ಸಮನೆ, "ಅಕಿ ಉಳೀಲಿ ಅಂತ ಮಾಡಿದ್ನೋ ಯಪ್ಪಾ," ಅನ್ನುತ್ತಿದ್ದರು.

ಆ ವಾರವೇ ಅಣ್ಣ ತಂಗಿ ಹೊಸಪೇಟೆಗೆ ಹೋಗಿ ಮನಸ್ಸಿನ ಡಾಕ್ಟರನ್ನು ಕಂಡು ಬಂದರು. ಗುಳಿಗೆ ಹಿಡಿಯಲು ತಿಂಗಳುಗಳೇ ಬೇಕಾದವು. ಕೂಡ್ಲಿಗಿಗೆ ಅವಳು ಮರಳಲಿಲ್ಲ. ಈಗ ಹೂವಿನಹಡಗಲಿಯಲ್ಲಿ ಚಿಕ್ಕ ಮಕ್ಕಳ ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ, ಅಲ್ಲೇ ಒಂದು ಬಾಡಿಗೆ ಕೋಣೆ. ಒಮ್ಮೊಮ್ಮೆ ವಾರಗಟ್ಟಲೆ ಮತ್ತೆ ಮಾತು ನಿಲ್ಲುತ್ತದೆ, ಆಗ ತಾನೇ ಹೊಸಪೇಟೆ ಬಸ್ಸು ಹತ್ತುತ್ತಾಳೆ. ಅತ್ತೆಯ ಪ್ರಕಾರ ಮಗಳನ್ನು ಉಳಿಸಿದವನು ಕೊಟ್ಟೂರಿನ ಆಚೆಯ ಆ ಮನುಷ್ಯ. ಬಂದವರಿಗೆಲ್ಲ ಹಾಗೇ ಹೇಳುತ್ತಾರೆ. ನಾನು ಪಕ್ಕದಲ್ಲೇ ಚಹಾ ಸೋಸುತ್ತ ನಿಂತು ಕೇಳುತ್ತೇನೆ. ಎದುರು ಹೇಳಿದರೆ ಮನೆಯಲ್ಲಿ ನಾಲ್ಕು ದಿನ ಅನ್ನ ಸೇರುವುದಿಲ್ಲ ಅನ್ನುವುದು ಗೊತ್ತಿರುವುದರಿಂದ ಸುಮ್ಮನಿರುತ್ತೇನೆ.

ಹೋದ ತಿಂಗಳು ನಾದಿನಿ ಫೋನ್ ಮಾಡಿ, ಎರಡು ದಿನ ಬಂದಿರು ಎಂದು ಕರೆದಳು. ಹೆಣ್ಣುಮಕ್ಕಳಿಗೆ ಬಸ್ಸೂ ಫ್ರೀ, ಇಲ್ಲಿಂದ ಹತ್ತಿದರೆ ಊಟದ ಹೊತ್ತಿಗೆ ಅಲ್ಲಿ.

"ಕೇಳಿ ಹೇಳ್ತೀನಿ," ಅಂದೆ.

"ಯಾರ್ನ ಕೇಳ್ತಿ ವೈನಿ?" ಅಂದಳು.

ನಾನಿನ್ನೂ ಕೇಳಿಲ್ಲ.